ಬಳಸುವ ಮುನ್ನ ಓದಿರಿ: ಕುದುರೆ

ಅಭಿನಂದನೆಗಳು. ನೀವೀಗ ಒಂದು ಕುದುರೆಯ ಒಡೆಯರು. ಅಥವಾ ನನ್ನ ಹಾಗೆ, ಮಗಳು ಹಟ ಹಿಡಿದು ಕೊಡಿಸಿಕೊಂಡ ಕುದುರೆಯನ್ನು, ಅವಳು ಓದಲೆಂದು ಮೈಸೂರಿಗೆ ಹೋದ ಮೇಲೆ ನೋಡಿಕೊಳ್ಳುತ್ತಿರುವ ಅಪ್ಪ. ಇಬ್ಬರಿಗೂ ಕೈಪಿಡಿ ಒಂದೇ. ಇನ್ನೂರು ರೂಪಾಯಿಯ ಸೊಳ್ಳೆ ಬ್ಯಾಟಿನ ಡಬ್ಬಿಯಲ್ಲೂ ಎಂಟು ಭಾಷೆಯ ಒಂದು ಚೀಟಿ ಇರುತ್ತದೆ. ನಾನೂರು ಕೆಜಿ ತೂಗುವ, ಗಾಳಿಗೆ ಹಾರುವ ಪ್ಲಾಸ್ಟಿಕ್ ಕವರಿಗೆ ಬೆದರುವ, ಎಲ್ಲದರ ಮೇಲೂ ತನ್ನದೊಂದು ಅಭಿಪ್ರಾಯ ಇಟ್ಟುಕೊಂಡ ಈ ಪ್ರಾಣಿಯ ಜೊತೆ ಏನೂ ಬರುವುದಿಲ್ಲ. ಒಂದು ಹಗ್ಗ ಬರುತ್ತದೆ. ಅದನ್ನೂ ಮಾರಿದವನು ವಾಪಸ್ ಕೇಳುತ್ತಾನೆ.

ಕನ್ನಡಕ್ಕೆ ಇದೇ ಮೊದಲ ಕೈಪಿಡಿ ಎಂದು ಕೊಚ್ಚಿಕೊಳ್ಳುವ ಹಾಗಿಲ್ಲ. ವಿಜಯನಗರದ ಕಾಲದಲ್ಲೇ ಅಭಿನವಚಂದ್ರ ಎಂಬಾತ ‘ಅಶ್ವವೈದ್ಯ’ ಬರೆದಿಟ್ಟಿದ್ದಾನೆ. ಅದಕ್ಕೂ ಹಿಂದೆ, ಹನ್ನೆರಡನೇ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಕುದುರೆಗೂ ಕುದುರೆಯಾಟಕ್ಕೂ ಜಾಗ ಕೊಟ್ಟಿದ್ದಾನೆ. ಅದು ಬೀದರ್ ಕಡೆಯ ಕಲ್ಯಾಣ. ಇದು ಬೆಂಗಳೂರಿನ ಹೊರವರ್ತುಲ ರಸ್ತೆಯ ಕಲ್ಯಾಣ ನಗರ. ದೊರೆಗೆ ಮೆಟ್ರೊ ಕಾಮಗಾರಿಯ ಬ್ಯಾರಿಕೇಡು ಅಡ್ಡ ಬರಲಿಲ್ಲ. ಆದ್ದರಿಂದ ಪರಿಷ್ಕೃತ ಆವೃತ್ತಿ ಬೇಕಾಯಿತು.

ಕೊಳ್ಳುವ ವಿಧಾನ

ನಮ್ಮ ರಾಜ್ಯದಲ್ಲಿ ಕುದುರೆ ವ್ಯಾಪಾರ ಎಂದರೆ ಶಾಸಕರು ಬಸ್ಸು ಹತ್ತಿ ರೆಸಾರ್ಟಿಗೆ ಹೋಗುವುದು. ನಿಜವಾದ ಕುದುರೆಯ ವ್ಯಾಪಾರ ಎಂದರೆ ಯಾರೂ ನಂಬುವುದಿಲ್ಲ. ದುಡ್ಡು ತೆಗೆಯಲು ಹೋದಾಗ ಬ್ಯಾಂಕಿನಲ್ಲಿ ಕಾರಣ ಕೇಳಿದರು. ಹೇಳಿದೆ. “ಯಾವ ಪಾರ್ಟಿ ಸಾರ್?” ಅಂದರು.

ತಪ್ಪು ಮಗಳದ್ದಲ್ಲ, ಬೆಂಗಳೂರಿನ ಹುಡುಗ ಫೌವಾದ್ ಮಿರ್ಜಾನದ್ದು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸೆನ್ಯೋರ್ ಮೆಡಿಕಾಟ್ ಎಂಬ ಕುದುರೆ ಏರಿ ವೈಯಕ್ತಿಕ ಬೆಳ್ಳಿ ಗೆದ್ದ, ತಂಡದ ಜೊತೆ ಇನ್ನೊಂದು ಬೆಳ್ಳಿ. ಕುದುರೆ ಸವಾರಿಯಲ್ಲಿ ಭಾರತೀಯನೊಬ್ಬ ವೈಯಕ್ತಿಕ ಪದಕ ತಂದದ್ದು 1982ರ ನಂತರ ಅದೇ ಮೊದಲು. ಮುಂದೆ ಅದೇ ಕುದುರೆಯ ಮೇಲೆ ಟೋಕಿಯೊ ಒಲಿಂಪಿಕ್ಸ್‌ಗೂ ಹೋಗಿ 23ನೇ ಸ್ಥಾನ ಪಡೆದ. 2018ರಲ್ಲಿ ಏಳನೇ ಕ್ಲಾಸಿನಲ್ಲಿದ್ದ ನನ್ನ ಮಗಳು ಜಕಾರ್ತಾದ ಪದಕವನ್ನು ಟಿವಿಯಲ್ಲಿ ನೋಡಿ “ಅಪ್ಪಾ, ಅವರೂ ನಮ್ಮೂರಿನವರೇ” ಅಂದಳು. ನಾನೂ ಹೌದಮ್ಮ ಎಂದು ಹೆಮ್ಮೆಪಟ್ಟೆ. ಆ ಹುಡುಗನ ತಂದೆ ಕುದುರೆಗಳ ಡಾಕ್ಟರು, ನಾನು ಆಡಿಟರು ಎಂಬ ವ್ಯತ್ಯಾಸವನ್ನು ಅಲ್ಲಿಯೇ ಹೇಳಿಬಿಡಬೇಕಿತ್ತು.

ಕೊಳ್ಳುವಾಗ ಬಾಯಿ ಬಿಡಿಸಿ ನೋಡಿ. ವಯಸ್ಸಾದ ಹಾಗೆ ಕುದುರೆಯ ಮುಂದಿನ ಹಲ್ಲುಗಳು ಉದ್ದವಾಗಿ ಮುಂದಕ್ಕೆ ಓರೆಯಾಗುತ್ತವೆ. ಮಾರುವವನು ನಮ್ಮ ಕುದುರೆ ಚಂಪಾಳಿಗೆ ಏಳು ವರ್ಷ ಅಂದ. ಡಾಕ್ಟರು ತುಟಿ ಎತ್ತಿ ನೋಡಿ ಹನ್ನೊಂದು ಅಂದರು. ಅಷ್ಟರಲ್ಲಿ ಮಗಳು ಅವಳ ಕಿವಿ ನೋಡಿಬಿಟ್ಟಿದ್ದಳು. ಮಾರ್ವಾಡಿ ತಳಿಯ ಕುದುರೆಗೆ ಎರಡೂ ಕಿವಿಯ ತುದಿ ಒಳಕ್ಕೆ ಬಾಗಿ ಒಂದನ್ನೊಂದು ಮುಟ್ಟುತ್ತವೆ, ನಮಸ್ಕಾರ ಮಾಡಿದ ಹಾಗೆ. ವ್ಯಾಪಾರ ಕುದುರಿತು.

ಅಳವಡಿಸುವ ಜಾಗ

ಕಲ್ಯಾಣ ನಗರದ ಮೂವತ್ತು–ನಲವತ್ತರ ಸೈಟಿನಲ್ಲಿ ಕುದುರೆ ಅಳವಡಿಸಬೇಡಿ. ಕಾರಿಗೇ ಜಾಗವಿಲ್ಲದೆ ಕಾರು ರಸ್ತೆಯಲ್ಲಿ ನಿಂತಿದೆ. ಒಮ್ಮೆ ಚಂಪಾಳನ್ನು ಲಾರಿಯಲ್ಲಿ ಸಾಗಿಸುವಾಗ ದಾರಿಯಲ್ಲೇ ಇದ್ದ ನಮ್ಮ ಅಪಾರ್ಟ್‌ಮೆಂಟಿನ ಮುಂದೆ ಹತ್ತು ನಿಮಿಷ ಇಳಿಸಿದ್ದೆವು, ನೀರು ಕುಡಿಸಲು. ಸೆಕ್ಯುರಿಟಿಯವರು ಗೇಟಿನ ಆ್ಯಪು ತೆರೆದು ಟೂ ವೀಲರೋ ಫೋರ್ ವೀಲರೋ ಎಂದು ಕೇಳಿದರು. ಕಾಲು ಎಣಿಸಿ ಫೋರ್ ವೀಲರ್ ಎಂದು ಒತ್ತಿದರು. ಗಾಡಿ ನಂಬರು ಹಾಕದೆ ಮುಂದಿನ ಪುಟ ತೆರೆಯಲಿಲ್ಲ.

ಇದು ಹೀಗೇ ಇದ್ದ ಊರೇನಲ್ಲ. ಇಂದಿನ ಕಾಮರಾಜ ರಸ್ತೆಯ ಹಳೆಯ ಹೆಸರು ಕ್ಯಾವಲ್ರಿ ರಸ್ತೆ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ನಿಂತಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಊರನ್ನು ಜೋಧಪುರದ ಸವಾರರ ಜೊತೆ ಸೇರಿ ಹಿಡಿದವರು ಇವರು, ಮಷಿನ್ ಗನ್ನಿಗೆ ಎದುರಾಗಿ, ಕುದುರೆಯ ಮೇಲೆ, ಭರ್ಜಿ ಹಿಡಿದು. ನಾನು ಆ ಸ್ಮಾರಕದ ಮುಂದೆ ಹಾದು ಹೋಗುವಾಗಲೆಲ್ಲ ನನಗೆ ಬರುವ ಯೋಚನೆ ಶೌರ್ಯದ್ದಲ್ಲ. ಅಷ್ಟೊಂದು ಕುದುರೆಗಳ ಗೊರಸಿನ ಕೊಳೆಯನ್ನು ಆ ಬೆಳಿಗ್ಗೆ ತೆಗೆದವರು ಯಾರು, ಎಷ್ಟು ಗಂಟೆಗೆ ಎದ್ದರು ಎಂಬುದು.

ಈಗ ಕುದುರೆ ಇಡಲು ಊರಾಚೆ ಹೋಗಬೇಕು. ಹೆಣ್ಣೂರು ಕ್ರಾಸ್, ಕೊತ್ತನೂರು ದಾಟಿ ಬಾಗಲೂರಿನ ಕಡೆ ಒಂದು ಲಾಯದಲ್ಲಿ ಚಂಪಾ ಇದ್ದಾಳೆ. ಬಾಡಿಗೆ ಕೇಳಬೇಡಿ. ಮಗಳ ಹಾಸ್ಟೆಲ್ಲು ಅದಕ್ಕಿಂತ ಅಗ್ಗ. ಕುದುರೆ ಸಾಕಿದವನ ಕಿಸೆ ಯಾವತ್ತೂ ಹೀಗೆಯೇ. 1896ರಲ್ಲಿ ಹುಸಾರ್ಸ್ ರೆಜಿಮೆಂಟಿನ ಜೊತೆ ಬೆಂಗಳೂರು ದಂಡಿಗೆ ಬಂದು ಹೊತ್ತು ಹೊತ್ತಿಗೂ ಪೋಲೊ ಆಡಿದ ವಿನ್‌ಸ್ಟನ್ ಚರ್ಚಿಲ್, ಇಲ್ಲಿನ ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿಯೇ ಹೋದ. ಲೆಕ್ಕದ ಪುಸ್ತಕ ಇನ್ನೂ ಇದೆ. ಆಡಿಟರಾಗಿ ಖಂಡಿಸುತ್ತೇನೆ, ಕುದುರೆ ಸಾಕಿದವನಾಗಿ ಒಪ್ಪುತ್ತೇನೆ.

ಇಂಧನ

ಟ್ಯಾಂಕು ಚಿಕ್ಕದು. ಇಷ್ಟು ದೊಡ್ಡ ಮೈಗೆ ಜಠರ ಸಣ್ಣದಾದ್ದರಿಂದ ಒಮ್ಮೆಗೇ ತುಂಬಿಸುವಂತಿಲ್ಲ. ದಿನವಿಡೀ ಸ್ವಲ್ಪ ಸ್ವಲ್ಪ ಮೇಯುತ್ತಿರಬೇಕು. ಒಣಹುಲ್ಲು, ಹಳಬರು ಕುದುರೆಮೆಂತೆ ಎನ್ನುವ ಲೂಸರ್ನ್ ಸೊಪ್ಪು, ಓಟ್ಸು, ಬೂಸಾ, ಚಿಟಿಕೆ ಉಪ್ಪಲ್ಲ, ಹಿಡಿ ಉಪ್ಪು. ನೀರು ದಿನಕ್ಕೆ ಮೂವತ್ತು ನಲವತ್ತು ಲೀಟರು. ಬೇಸಿಗೆಯಲ್ಲಿ ಟ್ಯಾಂಕರಿನವನ ನಂಬರು ಮೊಬೈಲಿನಲ್ಲಿ ಮೊದಲನೆಯದಾಗಿ ಇರಲಿ.

ಹುರುಳಿಯ ವಿಷಯದಲ್ಲಿ ಮಾತ್ರ ನಮ್ಮ ಲಾಯದಲ್ಲಿ ಎರಡು ಬಣ. ಇಂಗ್ಲಿಷಿನಲ್ಲಿ ಈ ಕಾಳಿಗೆ ಕುದುರೆಯ ಹೆಸರನ್ನೇ ಇಟ್ಟಿದ್ದಾರೆ. ಆದರೂ ಈಗಿನ ಹುಡುಗರು ಮೂಟೆಯಲ್ಲಿ ಬರುವ ಉಂಡೆ ಮೇವು ಹಾಕುತ್ತಾರೆ. ಕುದುರೆ ನೋಡಿಕೊಳ್ಳುವ ನಮ್ಮ ಸೈಸ್ ಚಾಚಾ ಹಳೆಯ ಬಣ. ಸಂಜೆಗೆ ದೊಡ್ಡ ಡಬರಿಯಲ್ಲಿ ಹುರುಳಿ ಬೇಯಿಸುತ್ತಾರೆ. ಕಾಳು ಚಂಪಾಳಿಗೆ. ಬಸಿದ ಕಟ್ಟಿಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಹುಣಸೆಹುಳಿ ಬಿದ್ದು ಅದು ಚಾಚಾನ ಸಾರು. ಒಂದು ದಿನ ನನಗೂ ಬಟ್ಟಲು ಕೊಟ್ಟರು. ಕುದುರೆಯೂ ನಾನೂ ಎದುರುಬದುರು ನಿಂತು ಒಂದೇ ಅಡುಗೆ ಉಂಡೆವು. ಹುರುಳಿಲ್ಲದ ಮಾತು ಆಡುವವರು ಉಂಡೆ ಮೇವು ಹಾಕಿಕೊಳ್ಳಲಿ.

ದಿನನಿತ್ಯದ ನಿರ್ವಹಣೆ

ಇದೇ ಮುಖ್ಯ ಅಧ್ಯಾಯ. ಸವಾರಿ ಎಂದುಕೊಂಡು ಬಂದವರು ಇಲ್ಲೇ ಬಹಳ ಹೊತ್ತು ಇರುತ್ತಾರೆ.

ಮೊದಲು ಗೊರಸು. ಕುದುರೆಯ ಪಕ್ಕದಲ್ಲಿ, ಅದರ ಬಾಲದ ಕಡೆ ಮುಖ ಮಾಡಿ ನಿಲ್ಲಿ. ಹೆಗಲಿನಿಂದ ಕೈಯನ್ನು ಕಾಲಗುಂಟ ಸವರುತ್ತ ಇಳಿಸಿ, ಮೊಣಕಾಲಿನ ಕೆಳಗೆ ಹಿಂಬದಿಯ ನರವನ್ನು ಮೆಲ್ಲಗೆ ಒತ್ತಿ. ಕಾಲು ಎತ್ತುತ್ತದೆ. ಎತ್ತದಿದ್ದರೆ ಕಾಯಿರಿ. ಎತ್ತಿದ ಮೇಲೆ ತನ್ನ ಭಾರದ ಒಂದು ಪಾಲನ್ನು ಸದ್ದಿಲ್ಲದೆ ನಿಮ್ಮ ಬೆನ್ನಿಗೆ ವರ್ಗಾಯಿಸುತ್ತದೆ. ಕಬ್ಬಿಣದ ಕೊಕ್ಕೆಯಿಂದ ಹಿಮ್ಮಡಿಯಿಂದ ತುದಿಯ ಕಡೆಗೆ ಮಣ್ಣು, ಕಲ್ಲು, ಲದ್ದಿ ಕೀಳಿ. ನಡುವೆ ಮೂರು ಮೂಲೆಯ ಮೆತ್ತನೆ ಭಾಗವೊಂದಿದೆ, ಅಲ್ಲಿ ಕೊಕ್ಕೆ ತಾಗಬಾರದು. ಅದರ ಎರಡು ಬದಿಯ ಸಂದು ಕಪ್ಪಗೆ ಮೆತ್ತಗಾಗಿ ಕೊಳೆತ ವಾಸನೆ ಬಂದರೆ ಲಾಯದ ನೆಲ ಒದ್ದೆಯಿದೆ ಎಂದು ಅರ್ಥ. ಆ ವಾಸನೆ ನಿಮ್ಮ ಬೆರಳಿನಲ್ಲಿ ಆಫೀಸಿನ ತನಕ ಬರುತ್ತದೆ. ಲಿಫ್ಟಿನಲ್ಲಿ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನೀವೂ ನೋಡಿ. ಇಂಥ ಕಾಲು ನಾಲ್ಕಿವೆ. ಆರೇಳು ವಾರಕ್ಕೊಮ್ಮೆ ನಾಲಬಂದ ಬಂದು ಉಗುರು ಕತ್ತರಿಸಿ ಲಾಳ ಬದಲಿಸುತ್ತಾನೆ. ಅವನನ್ನು ಮಾತ್ರ ಯಾವ ಕಾರಣಕ್ಕೂ ಎದುರು ಹಾಕಿಕೊಳ್ಳಬೇಡಿ. ಮದುವೆಯ ಸೀಸನ್ನಿನಲ್ಲಿ ಮೆರವಣಿಗೆಯ ಕುದುರೆಗಳೆಲ್ಲ ಅವನ ಹಿಂದೆ ಇರುತ್ತವೆ.

ಆಮೇಲೆ ಮಾಲೀಶು, ಆಮೇಲೆ ಜೀನು. ಜೀನಿನ ಹೊಟ್ಟೆಪಟ್ಟಿಗೆ ಸೈಸರು ತಂಗ್ ಅನ್ನುತ್ತಾರೆ. ಎಚ್ಚರಿಕೆ: ತಂಗ್ ಬಿಗಿಯುವಾಗ ಕುದುರೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ನೀವು ಬಿಗಿಯಾಯಿತು ಎಂದುಕೊಳ್ಳುತ್ತೀರಿ. ಹತ್ತು ಹೆಜ್ಜೆ ಹೋದ ಮೇಲೆ ಅದು ಉಸಿರು ಬಿಡುತ್ತದೆ. ನನ್ನ ಮೊದಲ ಸವಾರಿಯಲ್ಲಿ ಜೀನು ನಿಧಾನವಾಗಿ ಎಡಕ್ಕೆ ತಿರುಗಿತು, ಜೊತೆಗೆ ನಾನೂ. ನೆಲ ಮುಟ್ಟುವ ತನಕ ನಾನು ಸರಿಯಾದ ಭಂಗಿಯಲ್ಲೇ ಇದ್ದೆ, ರಿಕಾಪಿನಲ್ಲಿ ಕಾಲು, ಕೈಯಲ್ಲಿ ಲಗಾಮು. ಚಂಪಾ ನಿಂತು ಕೆಳಗೆ ನೋಡಿದಳು. ಚಾಚಾ ನಗಲಿಲ್ಲ, ಅದೇ ಹೆಚ್ಚು ನೋವಾಯಿತು. “ಹತ್ತು ಹೆಜ್ಜೆ ನಡೆಸಿ, ಇನ್ನೊಂದು ಸಲ ಬಿಗಿದು, ಆಮೇಲೆ ಹತ್ತಬೇಕು ಸಾರ್. ಅವಳಿಗೆ ಗೊತ್ತು. ನಿಮಗೂ ಗೊತ್ತಿರಬೇಕು.”

ಸ್ಪರ್ಧೆಯಲ್ಲಿ ಬಳಸುವುದು

ಕುದುರೆ ಸ್ಪರ್ಧೆ ಎಂದರೆ ನಮ್ಮ ಊರಿಗೆ ರೇಸ್‌ಕೋರ್ಸು. ಮೊದಲು ಬಂದವನು ಗೆದ್ದ, ಚೀಟಿ ಹರಿದವನು ಸೋತ. ಇಲ್ಲಿ ಹೇಳುತ್ತಿರುವುದು ಬೇರೆ, ಹಾದಿ ಸವಾರಿಯ ಸ್ಪರ್ಧೆ. ಕಾಡುಮೇಡಿನ ಹಾದಿಯಲ್ಲಿ ಹತ್ತಾರು ಕಿಲೋಮೀಟರು ಹೋಗಿ ಬರಬೇಕು, ಹೋಗಿ ಬಂದ ಮೇಲೆ ನಿಮ್ಮ ಕುದುರೆ ಹೇಗಿದೆ ಎಂದು ಪಶುವೈದ್ಯರು ನೋಡಿ ಅಂಕ ಹಾಕುತ್ತಾರೆ. ಅಮೆರಿಕದಲ್ಲಿ 1961ರಿಂದ ಇದಕ್ಕೆಂದೇ ಒಂದು ಸಂಘವಿದೆ. ಇದರ ದೊಡ್ಡಣ್ಣ ಎಂಡ್ಯೂರೆನ್ಸ್ ಸವಾರಿ. ಕ್ಯಾಲಿಫೋರ್ನಿಯಾದ ಬೆಟ್ಟಗಳಲ್ಲಿ 1955ರಲ್ಲಿ ಶುರುವಾದ ಟೆವಿಸ್ ಕಪ್ಪಿನಲ್ಲಿ 24 ಗಂಟೆಯೊಳಗೆ 100 ಮೈಲಿ ಹೋಗಬೇಕು. ಅಲ್ಲಿ ಕೂಡ, ಮೊದಲ ಹತ್ತರಲ್ಲಿ ಬಂದ ಕುದುರೆಗಳ ಪೈಕಿ ಚೆನ್ನಾಗಿ ಉಳಿದ ಕುದುರೆಗೆ ಬೇರೆಯೇ ಕಪ್ಪು ಇದೆ. ಬಲ್ಲವರು ಆಸೆಪಡುವುದು ಅದಕ್ಕೆ.

ಹಾದಿ ಸವಾರಿಯಲ್ಲಿ ತಡವಾಗಿ ಬಂದರೆ ಅಂಕ ಕಡಿಮೆ. ಬೇಗ ಬಂದರೂ ಕಡಿಮೆ! ಕುದುರೆಯನ್ನು ಓಡಿಸಿ ದಣಿಸಿದಿರಿ ಎಂದು ಲೆಕ್ಕ. ಹೊರವರ್ತುಲ ರಸ್ತೆಯಲ್ಲಿ ಪಳಗಿದ ನಮಗೆ ಬೇಗ ತಲುಪುವ ಭಯ ಯಾವತ್ತೂ ಇಲ್ಲ. ಈ ಆಟ ನಮಗಾಗಿಯೇ ಹುಟ್ಟಿದೆ ಅನ್ನಿಸಿತು.

ನಮ್ಮ ಲಾಯದ ಒಂಬತ್ತು ಜನ ಸೇರಿ ಕಳೆದ ಚಳಿಗಾಲದಲ್ಲಿ ನಮ್ಮಷ್ಟಕ್ಕೆ ನಾವೇ ಒಂದು ನಡೆಸಿಕೊಂಡೆವು. 20 ಕಿಲೋಮೀಟರು, ಎರಡೂವರೆ ಗಂಟೆಗೆ ಮೊದಲಲ್ಲ, ಮೂರು ಗಂಟೆ ಮೀರುವಂತಿಲ್ಲ. ನೀಲಗಿರಿ ತೋಪು, ರಾಗಿ ಕೊಯ್ದ ಹೊಲ, ಕೆರೆ ಏರಿ, ಕಲ್ಲು ನೆಟ್ಟು ಬಣ್ಣ ಬಳಿದ ಲೇಔಟು, ಮತ್ತೆ ತೋಪು. ಅಮೆರಿಕದವರು ಅಡ್ಡಿಗಳೆಂದು ಮರದ ದಿಮ್ಮಿ, ತೊರೆ, ಗೇಟು ಇಡುತ್ತಾರಂತೆ. ನಾವು ಏನೂ ಇಡಬೇಕಾಗಲಿಲ್ಲ. ಬೋರ್‌ವೆಲ್ ಲಾರಿ, ಐದು ನಾಯಿ, ಒಣಹಾಕಿದ ಸೀರೆ, ಮೊಬೈಲು ಹಿಡಿದು ಹಿಂದೆ ಓಡಿ ಬಂದ ಹುಡುಗರು. ಒಂದು ಹಳ್ಳಿಯಲ್ಲಿ ಜಗಲಿಯ ಮೇಲಿದ್ದ ಅಜ್ಜಿ ಕೇಳಿದಳು: “ಯಾರ್ ಮದ್ವೆ ಸಾಮಿ? ಗಂಡು ನೀವೇನಾ?” ಇಲ್ಲಜ್ಜಿ ಅಂದೆ. “ಅದೇ ಅನ್ಕೊಂಡೆ, ವಯಸ್ಸಾಗೈತೆ.”

ಐದು ನಾಯಿಗೆ ಹೆದರದ ಚಂಪಾ ಒಂದು ಗೇಣು ಆಳದ ನೀರಿನ ಗುಂಡಿಯ ಮುಂದೆ ನಿಂತುಬಿಟ್ಟಳು. ಕುದುರೆಗೆ ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ಮೂಗಿನ ಕೆಳಗೆ ಕಾಣುವುದಿಲ್ಲ. ಗುಂಡಿಯ ಆಳ ಅವಳಿಗೆ ತಿಳಿಯದು. ಒದ್ದರೂ ಇಲ್ಲ, ಬೇಡಿಕೊಂಡರೂ ಇಲ್ಲ. ಹನ್ನೆರಡು ನಿಮಿಷ ಹೋಯಿತು. ಕೊನೆಗೆ ಇಳಿದು, ಹೊಸ ಬೂಟಿನ ಸಮೇತ ನಾನೇ ನೀರಿಗೆ ಕಾಲಿಟ್ಟೆ. ನಾನು ಮುಳುಗಲಿಲ್ಲ ಎಂದು ಖಚಿತವಾದ ಮೇಲೆ ಅವಳು ಬಂದಳು.

ಎರಡು ಗಂಟೆ ಐವತ್ತೆಂಟು ನಿಮಿಷಕ್ಕೆ ತಲುಪಿದೆವು. ಈಗ ಪರೀಕ್ಷೆ. ವಿಶ್ರಾಂತಿಯಲ್ಲಿರುವ ಕುದುರೆಯ ನಾಡಿ ನಿಮಿಷಕ್ಕೆ ಸುಮಾರು 30ರಿಂದ 40. ಎಂಡ್ಯೂರೆನ್ಸಿನವರ ಗಡಿ 64, ಕೊಟ್ಟ ಬಿಡುವಿನೊಳಗೆ ಅಲ್ಲಿಗೆ ಇಳಿಯದಿದ್ದರೆ ಕುದುರೆ ಹೊರಕ್ಕೆ. ನಾವು ಹತ್ತು ನಿಮಿಷ ಕೊಟ್ಟುಕೊಂಡಿದ್ದೆವು. ಚಾಚಾ ಜೀನು ಇಳಿಸಿ ಕತ್ತಿಗೆ, ಕಾಲಿಗೆ ನೀರು ಹಾಕಿ, ಒರೆಸಿ, ಮತ್ತೆ ಹಾಕಿದರು. ತೊಡೆಯ ಸಂದಿಯಲ್ಲಿ ಬೆವರು ಸೋಪಿನ ನೊರೆಯ ಹಾಗೆ ಬಿಳಿಯಾಗಿತ್ತು. ಕುದುರೆಯ ಬೆವರಿನಲ್ಲಿ ಲ್ಯಾದರಿನ್ ಎಂಬ ಪ್ರೋಟೀನು ಇದೆ, ಅದಕ್ಕೇ ನೊರೆ. ಡಾಕ್ಟರಮ್ಮ ಕತ್ತಿನ ಚರ್ಮ ಚಿವುಟಿ ಬಿಟ್ಟರು, ತಕ್ಷಣ ಮಟ್ಟವಾಯಿತು, ಮೈಯಲ್ಲಿ ನೀರಿದೆ. ತುಟಿ ಎತ್ತಿ ಒಸಡು ಒತ್ತಿದರು, ಬಿಳಿಯಾದದ್ದು ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಯಿತು. ಹೊಟ್ಟೆಗೆ ಸ್ಟೆತಸ್ಕೋಪು ಇಟ್ಟು ಗುಡುಗುಡು ಕೇಳಿದರು. ಮೊಣಕೈಯ ಹಿಂದೆ ಇಟ್ಟು ಗಡಿಯಾರ ನೋಡಿದರು. 52.

ಆಮೇಲೆ ಬೆನ್ನುಮೂಳೆಯ ಎರಡೂ ಬದಿ ಬೆರಳಿಂದ ಒತ್ತುತ್ತ ಬಂದರು. ಜೀನಿನ ಹಿಂಭಾಗದ ಜಾಗಕ್ಕೆ ಬಂದಾಗ ಚಂಪಾ ಬೆನ್ನು ತಗ್ಗಿಸಿದಳು. ಡಾಕ್ಟರಮ್ಮ ನನ್ನನ್ನು ನೋಡಿದರು. ಟ್ರಾಟ್ ಎಂಬ ಕುಕ್ಕುಲೋಟದಲ್ಲಿ ಕುದುರೆಯ ಲಯಕ್ಕೆ ಎದ್ದು ಕೂರಬೇಕು. ದಣಿದ ನಾನು ಕೊನೆಯ ಐದು ಕಿಲೋಮೀಟರು ಕೂತೇ ಇದ್ದೆ, ಪ್ರತಿ ಹೆಜ್ಜೆಗೂ ಧೊಪ್ಪೆಂದು. ಚೀಟಿಯಲ್ಲಿ ಬರೆದದ್ದು: ಕುದುರೆ ಉತ್ತಮ. ಸವಾರ ಮೂಟೆ. ಒಂಬತ್ತರಲ್ಲಿ ನಾಲ್ಕನೆಯವನಾದೆ. ಮೊದಲು ಬಂದ ಹುಡುಗನಿಗೆ ಏಳನೇ ಸ್ಥಾನ.

ದೋಷ ಕಂಡುಬಂದರೆ

ಕೆಮ್ಮು, ಕುಂಟು, ಹುಣ್ಣು, ಇವಕ್ಕೆ ಡಾಕ್ಟರಿದ್ದಾರೆ. ಮೂಗು ಸೋರಿ ಮೈಯಲ್ಲಿ ಗಂಟೆದ್ದರೆ ಮುಟ್ಟದೆ ಫೋನು ಮಾಡಿ, ಗ್ಲ್ಯಾಂಡರ್ಸ್ ಎಂಬುದು ಮನುಷ್ಯರಿಗೂ ಅಂಟುವ, ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗ. ಹೆಬ್ಬಾಳದಲ್ಲಿ 1958ರಿಂದ ಪಶುವೈದ್ಯಕೀಯ ಕಾಲೇಜು ಇರುವುದು ಕಲ್ಯಾಣ ನಗರದವರ ಪುಣ್ಯ.

ನಿದ್ದೆ ಕೆಡಿಸುವುದು ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ಒಳಗೆ ಹೋದದ್ದಕ್ಕೆ ದಾರಿ ಒಂದೇ. ಒಂದು ರಾತ್ರಿ ಹನ್ನೊಂದಕ್ಕೆ ಚಾಚಾನ ಫೋನು: ಚಂಪಾ ನೆಲ ಕೆರೆಯುತ್ತಿದ್ದಾಳೆ, ತಿರುಗಿ ತಿರುಗಿ ತನ್ನ ಹೊಟ್ಟೆ ನೋಡಿಕೊಳ್ಳುತ್ತಿದ್ದಾಳೆ, ಬೆಳಿಗ್ಗೆಯಿಂದ ಲದ್ದಿ ಹಾಕಿಲ್ಲ. ಡಾಕ್ಟರು ಬಂದು ಮೂಗಿನ ಮೂಲಕ ಜಠರಕ್ಕೆ ನಳಿಕೆ ಇಳಿಸಿದರು, ಸೂಜಿ ಕೊಟ್ಟರು, ಉರುಳಾಡಲು ಬಿಡದೆ ನಡೆಸಿ ಎಂದರು. ನಾನೂ ಚಾಚಾನೂ ಸರದಿಯ ಮೇಲೆ ಹಗ್ಗ ಹಿಡಿದು ಲಾಯದ ಸುತ್ತ ನಡೆದೆವು. ಮೈಸೂರಿನಿಂದ ಮಗಳು ಹತ್ತು ನಿಮಿಷಕ್ಕೊಂದು ಮೆಸೇಜು. ಮೂರೂಕಾಲಿಗೆ ಚಂಪಾ ನಿಂತಳು, ಬಾಲ ಎತ್ತಿದಳು. ಚಾಚಾ ಕೈಯೆತ್ತಿ ದೇವರನ್ನು ನೆನೆದರು. ನಾನು ಟಾರ್ಚು ಹಿಡಿದು, ಬಿದ್ದದ್ದರ ಫೋಟೊ ತೆಗೆದು ಮಗಳಿಗೆ ಕಳಿಸಿದೆ. ಅದಕ್ಕೆ ಅವಳು ಹಾಕಿದಷ್ಟು ಹೃದಯದ ಚಿತ್ರಗಳನ್ನು ನನ್ನ ಹುಟ್ಟುಹಬ್ಬಕ್ಕೂ ಹಾಕಿಲ್ಲ.

ವಾರಂಟಿ

ಇಲ್ಲ. ವಿಜಯನಗರದವರು ಕೊಟ್ಟಿದ್ದರು. ಹಾರ್ಮುಜಿನಿಂದ ಹಡಗಿನಲ್ಲಿ ಬರುವ ಕುದುರೆಗಳಿಗೆ ಸಾಳುವ ನರಸಿಂಹ ಸತ್ತಿದ್ದರೂ ಬದುಕಿದ್ದರೂ ದುಡ್ಡು ಕೊಡುತ್ತಿದ್ದನಂತೆ. ಸಮುದ್ರದಲ್ಲಿ ಸತ್ತದ್ದರ ಬಾಲ ತಂದು ತೋರಿಸಿದರೆ ಸಾಕಿತ್ತು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅಂಥ ಗಿರಾಕಿ ಈಗ ಸಿಗುವುದಿಲ್ಲ.

ಉಪ ಉತ್ಪನ್ನ

ದಿನಕ್ಕೆ ಹದಿನೈದು ಇಪ್ಪತ್ತು ಕೆಜಿ ಲದ್ದಿ. ಶುರುವಿನಲ್ಲಿ ಕಾರಿನ ಡಿಕ್ಕಿಯಲ್ಲಿ ಒಂದು ಮೂಟೆ ಮನೆಗೆ ತಂದಾಗ ಅಸೋಸಿಯೇಷನ್ನಿನವರು ನೋಟಿಸು ಅಂಟಿಸಿದ್ದರು. ಮೂರು ತಿಂಗಳು ಟೆರೇಸಿನಲ್ಲಿ ಕೊಳೆಸಿ ಟೊಮೆಟೊ ಗಿಡಕ್ಕೆ ಹಾಕಿದೆ. ಹಣ್ಣು ನೋಡಿದ ಮೇಲೆ ನೋಟಿಸಿಗೆ ಸಹಿ ಹಾಕಿದವರೇ ಮೆಟ್ಟಿಲು ಹತ್ತಿ ಬಂದು “ಇನ್ನೊಂದು ಚೂರು ಇದೆಯಾ ಸಾರ್” ಅನ್ನುತ್ತಾರೆ. ಹಸಿಯಾಗಿ ಹಾಕಬೇಡಿ. ಕುದುರೆ ಹಸುವಿನ ಹಾಗೆ ಮೆಲುಕು ಹಾಕುವುದಿಲ್ಲ, ಕಾಳು ಅರೆಬರೆ ಹಾಗೇ ಹೊರಗೆ ಬರುತ್ತದೆ. ಕೆಳಮನೆಯ ಆಂಟಿ ಅವಸರ ಮಾಡಿದರು, ಅವರ ತುಳಸಿ ಕುಂಡದಲ್ಲಿ ಈಗ ಓಟ್ಸು ಬೆಳೆದು ನಿಂತಿದೆ. ಕೀಳಲು ಮನಸ್ಸಿಲ್ಲದೆ ಅದಕ್ಕೂ ಅರಿಶಿನ ಕುಂಕುಮ ಇಡುತ್ತಿದ್ದಾರೆ.

ಬೇಕಾದವರು ಭಾನುವಾರ ಬೆಳಿಗ್ಗೆ ಎಂಟರೊಳಗೆ ಬನ್ನಿ. ಲದ್ದಿ ಪುಕ್ಕಟೆ. ಚೀಲ ನೀವೇ ತರಬೇಕು.